ಮಲಬದ್ಧತೆ ಎಲ್ಲರಲ್ಲೂ ಊಟದ ತಪ್ಪಿನಿಂದ ಬರುವುದಲ್ಲ

ಮಾನ್ಯ ಸಂಪಾದಕರೇ,

ಪತ್ರಿಕೆಗಳ ಆರೋಗ್ಯ ಪುಟದಲ್ಲಿ ಮಲಬದ್ಧತೆಯ ಬಗ್ಗೆ ಬರುವ ಲೇಖನಗಳನ್ನು ನಾನು ಇಪ್ಪತ್ತು ವರ್ಷಗಳಿಂದ ತಪ್ಪದೆ ಓದುತ್ತಿದ್ದೇನೆ. ಸೊಪ್ಪು, ತರಕಾರಿ ತಿನ್ನಿ, ನೀರು ಕುಡಿಯಿರಿ, ರಾತ್ರಿ ಬಾಳೆಹಣ್ಣು ತಿಂದು ಮಲಗಿ ಎಂಬ ಸಲಹೆ ಬಹಳ ಮಂದಿಗೆ ಉಪಯೋಗವಾಗಿರಬಹುದು. ಆದರೆ ಲೇಖನ ಅಷ್ಟಕ್ಕೇ ನಿಂತುಬಿಟ್ಟರೆ, ಅದನ್ನು ಓದಿದ ಮನೆಯವರು, ಇಷ್ಟೆಲ್ಲ ಮಾಡಿಯೂ ಹೊಟ್ಟೆ ಕಟ್ಟಿಕೊಂಡು ನರಳುವವರನ್ನು ಕಂಡು, ಇವಳು ಹೇಳಿದ ಮಾತು ಕೇಳುವುದಿಲ್ಲ ಎಂದು ತೀರ್ಮಾನಿಸುತ್ತಾರೆ. ನನಗೆ ಆದದ್ದು ಅದೇ.

ನಾನು ಹಾಸನ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಶಿಕ್ಷಕಿ. ರಾಗಿಮುದ್ದೆ, ಬಸ್ಸಾರು, ಸೊಪ್ಪಿನ ಪಲ್ಯ ಉಂಡೇ ಬೆಳೆದವಳು. ಆದರೂ ಹೈಸ್ಕೂಲಿನ ದಿನಗಳಿಂದಲೇ ಐದಾರು ದಿನಕ್ಕೊಮ್ಮೆ ಮಾತ್ರ, ಅದೂ ಬೆವರಿಳಿಯುವಷ್ಟು ತಿಣುಕಿದ ಮೇಲೆ, ಮಲ ಹೋಗುತ್ತಿತ್ತು. ಭಾನುವಾರ ಬೆಳಿಗ್ಗೆ ಅಜ್ಜಿ ಬಿಸಿ ಕಾಫಿಗೆ ಹರಳೆಣ್ಣೆ ಹಾಕಿ ಕೊಡುತ್ತಿದ್ದರು. ಆ ಲೋಟದ ಅಂಚಿಗೆ ಅಂಟಿಕೊಳ್ಳುತ್ತಿದ್ದ ಜಿಡ್ಡು ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಮದುವೆಯಾದ ಮೇಲೆ ಸೋನಾಮುಖಿ ಚೂರ್ಣ, ಇಸಬ್‌ಗೋಲ್, ಜಾಹೀರಾತಿನಲ್ಲಿ ಕಂಡ ಮಾತ್ರೆಗಳು ಎಲ್ಲವೂ ಆದವು. ಮೂವತ್ತೆಂಟನೆಯ ವಯಸ್ಸಿನಲ್ಲಿ ವೈದ್ಯರೊಬ್ಬರು ಬೇರಿಯಂ ಎನಿಮಾ (ಕರುಳಿನ ಆಕಾರ ಚಿತ್ರದಲ್ಲಿ ಕಾಣಲೆಂದು ಗುದದ್ವಾರದಿಂದ ಹಾಕುವ ದ್ರವ) ಕೊಟ್ಟು ಎಕ್ಸ್‌ರೇ ತೆಗೆಸಿ, ಫಿಲ್ಮನ್ನು ಬೆಳಕಿಗೆ ಹಿಡಿದು ಪೆನ್ನಿನ ತುದಿಯಿಂದ ತೋರಿಸಿದರು. ಎಡ ಸೊಂಟದ ಬಳಿ ಒಂದು ಸಣ್ಣ ತಿರುವು ತೆಗೆದುಕೊಂಡು ಗುದನಾಳಕ್ಕೆ ಇಳಿಯಬೇಕಾದ ಕರುಳು, ನನ್ನಲ್ಲಿ ಪಕ್ಕೆಲುಬಿನ ಹತ್ತಿರದವರೆಗೂ ಏರಿ, ಮಡಚಿಕೊಂಡು ಇಳಿದು, ಮತ್ತೊಂದು ಸುತ್ತು ಹಾಕಿ ಕೆಳಗೆ ಬಂದಿತ್ತು.

ವಯಸ್ಕರ ದೊಡ್ಡ ಕರುಳು ಸಾಮಾನ್ಯವಾಗಿ ಸುಮಾರು 1.5 ಮೀಟರ್ ಉದ್ದವಿರುತ್ತದೆ; ನನ್ನದು ಅದಕ್ಕಿಂತ ಉದ್ದ. ಮಲದಲ್ಲಿನ ನೀರನ್ನು ಹೀರಿಕೊಳ್ಳುವುದು ಅದರ ಮುಖ್ಯ ಕೆಲಸಗಳಲ್ಲೊಂದು. ಹಾಗಾಗಿ ಮಲ ಅಲ್ಲಿ ಹೆಚ್ಚು ಹೊತ್ತು ಉಳಿದಷ್ಟೂ ಒಣಗಿ ಗಟ್ಟಿಯಾಗುತ್ತದೆ. ಕರುಳು ಉದ್ದವಾಗಿದ್ದೂ ಯಾವ ತೊಂದರೆಯೂ ಇಲ್ಲದೆ ಬದುಕುವವರು ಬೇಕಾದಷ್ಟು ಮಂದಿ ಇದ್ದಾರೆ. ಆದ್ದರಿಂದಲೇ ನನ್ನ ವೈದ್ಯರು ಎಕ್ಸ್‌ರೇ ನೋಡಿದ ಕೂಡಲೇ ಕಾರಣ ಸಿಕ್ಕಿತೆಂದು ಕೈತೊಳೆದುಕೊಳ್ಳದೆ, ಮಲಬದ್ಧತೆಗೆ ಬೇರೆ ಕಾರಣವಿರಬಹುದೇ ಎಂದು ಥೈರಾಯ್ಡ್ ಪರೀಕ್ಷೆ ಮಾಡಿಸಿ, ನಾನು ನುಂಗುತ್ತಿದ್ದ ಕಬ್ಬಿಣಾಂಶದ ಮಾತ್ರೆಯನ್ನೂ ವಿಚಾರಿಸಿದರು.

ಇಷ್ಟು ವರ್ಷ ನಾರು ಹೆಚ್ಚಿಸಿದಷ್ಟೂ ಹೊಟ್ಟೆ ಉಬ್ಬರ ಏಕೆ ಹೆಚ್ಚಾಗುತ್ತಿತ್ತು ಎಂಬುದು ನನಗೆ ತಿಳಿದದ್ದು ಆ ದಿನ. ನಿಧಾನವಾಗಿ ಸಾಗುವ ಕರುಳಿಗೆ ಹೊಟ್ಟು, ಇಸಬ್‌ಗೋಲ್‌ಗಳನ್ನು ತುಂಬುತ್ತಾ ಹೋದರೆ, ಅವು ಅಲ್ಲೇ ಕುಳಿತು ಗಾಳಿ ತುಂಬಿಸುವುದೂ ಉಂಟು. ಮಲದಲ್ಲಿ ನೀರನ್ನು ಹಿಡಿದಿಡುವ ಪಾಲಿಎಥಿಲೀನ್ ಗ್ಲೈಕಾಲ್ ಪುಡಿಯನ್ನು ವೈದ್ಯರು ಹೇಳಿದ ಪ್ರಮಾಣದಲ್ಲಿ ಈಗ ನಿತ್ಯ ಕುಡಿಯುತ್ತೇನೆ. ಕಮೋಡಿನ ಮುಂದೆ ಕಾಲಿಗೆ ಒಂದು ಗಿಡ್ಡ ಮಣೆ ಇಟ್ಟುಕೊಂಡಿದ್ದೇನೆ. ಮಂಡಿ ಮೇಲೆ ಬಂದರೆ ತಿಣುಕುವುದು ಕಡಿಮೆಯಾಗುತ್ತದೆ.

ಇವೆಲ್ಲಕ್ಕಿಂತ ಕಷ್ಟವಾದದ್ದು ಸಮಯ ಹೊಂದಿಸಿಕೊಳ್ಳುವುದು. ತಿಂಡಿ ತಿಂದ ಮೇಲೆ ದೊಡ್ಡ ಕರುಳು ತಾನಾಗಿ ಚುರುಕಾಗುತ್ತದೆ, ಆದರೆ ಅದೇ ಹೊತ್ತಿಗೆ ನಾನು ಬಸ್ಸಿನಲ್ಲಿ ನಿಂತಿರುತ್ತೇನೆ. ಶಾಲೆ ತಲುಪಿದ ಮೇಲೆ ಹೋಗೋಣವೆಂದರೆ ಹನ್ನೊಂದು ಜನ ಸಿಬ್ಬಂದಿಗೆ ಚಿಲಕ ಸರಿಯಿಲ್ಲದ ಒಂದೇ ಶೌಚಾಲಯ. ತಡೆದುಕೊಂಡಷ್ಟೂ ಆ ಕರೆ ಮಂಕಾಗುತ್ತಾ ಹೋಗುತ್ತದೆ. ನನ್ನ ತರಗತಿಯ ಹೆಣ್ಣುಮಕ್ಕಳು ಸಂಜೆಯವರೆಗೂ ತಡೆದುಕೊಂಡೇ ಕುಳಿತಿರುವುದನ್ನು ಕಂಡಾಗ ನನ್ನ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಮಗುವೊಂದು ಪಾಠದ ನಡುವೆ ಎದ್ದು ನಿಂತು ಕೇಳಿದರೆ, ಯಾವ ಶಿಕ್ಷಕರೂ ಗದರಿ ಕೂರಿಸಬಾರದೆಂದು ಸಹೋದ್ಯೋಗಿಗಳಲ್ಲಿ ಕೈಮುಗಿದು ಕೇಳುತ್ತೇನೆ.

ಇನ್ನು ಮುಂದೆ ಈ ವಿಷಯದ ಲೇಖನ ಪ್ರಕಟಿಸುವಾಗ ಕೆಲವು ಸಾಲುಗಳನ್ನು ದಯವಿಟ್ಟು ಸೇರಿಸಿ. ವಾರಕ್ಕೆ ಮೂರು ಸಲಕ್ಕಿಂತ ಕಡಿಮೆ ಮಲ ಹೋಗುವುದು ತಿಂಗಳುಗಟ್ಟಲೆ ಮುಂದುವರಿದರೆ ಮನೆಮದ್ದಿನಲ್ಲಿ ಕಾಲ ಕಳೆಯದೆ ತಪಾಸಣೆ ಮಾಡಿಸಿಕೊಳ್ಳಬೇಕು. ಮಲದಲ್ಲಿ ರಕ್ತ ಕಂಡರೆ, ಕಾರಣವಿಲ್ಲದೆ ತೂಕ ಇಳಿದರೆ ಅಷ್ಟು ದಿನ ಕಾಯುವುದೂ ತಪ್ಪು. ಹೊಟ್ಟೆ ಹಠಾತ್ತನೆ ಊದಿಕೊಂಡು, ವಿಪರೀತ ನೋವಿನೊಂದಿಗೆ ಗಾಳಿಯೂ ಹೋಗದಂತಾದರೆ ಉದ್ದ ಕರುಳು ತನ್ನ ಮೇಲೆಯೇ ತಿರುಚಿಕೊಂಡಿರಬಹುದು. ಆಗ ಭೇದಿ ಮಾಡಿಸುವ ಔಷಧ ಕೊಡದೆ ರಾತ್ರಿಯಾದರೂ ಸರಿ, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು.

– ಓದುಗಿ, ಹಾಸನ ಜಿಲ್ಲೆ