ಪ್ರಸಂಗಕ್ಕೆ ಸಾದಾ ಕಡತವೇ ಸಾಕು

ಮಾನ್ಯ ಸಂಪಾದಕರೇ,

ನಾನು ಸಭಾಪಾಲಕ, ಅಂದರೆ ಚರ್ಚಿನ ಪಾದ್ರಿ. ಹಳೆಯ ತಂತ್ರಾಂಶದಲ್ಲಿ ಬೆರಳಚ್ಚಿಸಿದ್ದ ಪ್ರಸಂಗಗಳು (ಆರಾಧನೆಯಲ್ಲಿ ಕೊಡುವ ಉಪದೇಶಗಳು) ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಬರೀ ಇಂಗ್ಲಿಷ್ ಅಕ್ಷರಗಳ ಗೋಜಲು. ಎಲ್ಲವನ್ನೂ ಬೇರೆ ಕಂಪ್ಯೂಟರುಗಳಲ್ಲೂ ಕನ್ನಡವಾಗಿಯೇ ಕಾಣುವ ಯುನಿಕೋಡಿಗೆ ಬದಲಿಸಿ ನೋಟ್‌ಪ್ಯಾಡಿನ ಸಾದಾ ಕಡತಗಳಾಗಿ ಇಟ್ಟಿದ್ದೇನೆ. ಕಡತದ ಹೆಸರು ಬೈಬಲಿನ ಪುಸ್ತಕ, ಅಧ್ಯಾಯ, ವಚನಗಳ ಕ್ರಮದಲ್ಲಿ: ಲೂಕ 42ನೇ ಪುಸ್ತಕ, ಹಾಗಾಗಿ ಅದರ 15ನೇ ಅಧ್ಯಾಯದ 11ನೇ ವಚನದಿಂದ ಬರುವ ತಪ್ಪಿಹೋದ ಮಗನ ಪ್ರಸಂಗ ‘42-015-11’. ಕೀರ್ತನೆಗಳು 150 ಇರುವುದರಿಂದ ಅಧ್ಯಾಯಕ್ಕೆ ಮೂರಂಕಿ ಬೇಕು. ಇಲ್ಲದಿದ್ದರೆ ಕೆಲವು ಫೋನುಗಳಲ್ಲಿ 100ನೇ ಕೀರ್ತನೆ ಬಂದು 23ಕ್ಕಿಂತ ಮೊದಲೇ ಕೂರುತ್ತದೆ. ಮದುವೆ, ಶವಸಂಸ್ಕಾರ ಎಂದು ಕೊನೆಯ ಸಾಲಿನಲ್ಲಿ ಗುರುತು ಹಾಕಿದ್ದೇನೆ, ಸಾವಿನ ಮನೆಗೆ ಹೊರಡುವ ಅವಸರದಲ್ಲೂ ಬೇಕಾದದ್ದು ಸಿಗುತ್ತದೆ. ಬಣ್ಣ, ದಪ್ಪಕ್ಷರ ಇಲ್ಲ ನಿಜ. ಸಭೆಗೆ ಅವು ಕೇಳಿಸುವುದೂ ಇಲ್ಲವಲ್ಲ! ತಾಲ್ಲೂಕು ಗ್ರಂಥಾಲಯಗಳಲ್ಲಿ ಯುನಿಕೋಡ್ ಪರಿವರ್ತಕ ಇಟ್ಟು ಕಲಿಸಿಕೊಟ್ಟರೆ ಹರಿಕಥೆ ದಾಸರಿಗೂ, ಪ್ರವಚನಕಾರರಿಗೂ ಉಪಕಾರವಾದೀತು.

— ಒಬ್ಬ ಸಭಾಪಾಲಕ, ಉಡುಪಿ