ಮಗಳಿಗೊಂದು ಪತ್ರ: ಪರಿಚಯದವರಿಗೆ ಸೀರೆ ತೋರಿಸುವ ಮುನ್ನ

ಚಿ. ಸೌ. ಮಗಳಿಗೆ,

ಬಾಗಲಕೋಟೆಯಿಂದ ನಿನ್ನ ಅಪ್ಪ ಮಾಡುವ ಆಶೀರ್ವಾದಗಳು. ನಾವಿಬ್ಬರೂ ಕ್ಷೇಮವಾಗಿದ್ದೇವೆ. ಅಳಿಯಂದಿರೂ ಮಕ್ಕಳೂ ಆರೋಗ್ಯವಾಗಿದ್ದಾರೆಂದು ನಂಬಿದ್ದೇನೆ.

ನೌಕರಿಯ ಜೊತೆಗೆ ಮನೆಯಲ್ಲಿಯೇ ಇಳಕಲ್ ಸೀರೆ, ಗುಳೇದಗುಡ್ಡದ ರವಿಕೆ ಖಣ ಇಟ್ಟು ಮಾರಬೇಕೆಂದು ನೀನು ಮನಸ್ಸು ಮಾಡಿದ್ದು ನನಗೂ ನಿನ್ನ ಅವ್ವನಿಗೂ ಬಹಳ ಸಂತೋಷದ ಸಂಗತಿ. ಮಾಲು ಎಲ್ಲಿ ಸಿಗುತ್ತದೆ, ಎಷ್ಟು ಲಾಭ ಇಡಬೇಕು ಎಂದು ನೀನು ಕೇಳಲಿಲ್ಲ. ಬೆಂಗಳೂರಿನ ನಿಮ್ಮ ಅಪಾರ್ಟ್‌ಮೆಂಟಿನವರು, ಕಚೇರಿಯವರು, ಬಂಧುಗಳು ಇವರೆಲ್ಲರ ಮುಂದೆ ಈ ವಿಷಯವನ್ನು ಹೇಗೆ ಎತ್ತಬೇಕು, ಅವರಿಗೆ ದಾಕ್ಷಿಣ್ಯದ ಭಾರ ಆಗದಂತೆ ಹೇಗೆ ಮಾತಾಡಬೇಕು ಎಂದು ಕೇಳಿದೆ. ಜವಳಿ ಅಂಗಡಿಯ ಗಾದಿಯ ಮೇಲೆ ಕುಳಿತು ಆಯುಷ್ಯ ಕಳೆದವನಿಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ಮಗಳು ಕೇಳಲಾರಳು. ಫೋನಿನಲ್ಲಿ ಹೇಳಹೊರಟರೆ ಅರ್ಧ ಉಳಿದುಹೋಗುತ್ತದೆ ಎಂದು ಬರೆಯಲು ಕುಳಿತಿದ್ದೇನೆ.

ಅಂಗಡಿಗೂ ಮನೆಗೂ ಇರುವ ಒಂದು ವ್ಯತ್ಯಾಸವನ್ನು ನೀನು ಮೊದಲು ತಿಳಿದುಕೊಳ್ಳಬೇಕು. ನಮ್ಮ ಅಂಗಡಿಗೆ ಬರುವ ಗಿರಾಕಿ ತಾನಾಗಿಯೇ ಮೆಟ್ಟಿಲು ಹತ್ತಿ ಬರುತ್ತಾಳೆ, ಮನಸ್ಸಿಗೆ ಬಾರದಿದ್ದರೆ ಚಪ್ಪಲಿ ಮೆಟ್ಟಿಕೊಂಡು ಪಕ್ಕದ ಅಂಗಡಿಗೆ ಹೋಗುತ್ತಾಳೆ. ಅವಳೂ ಅದನ್ನು ತಪ್ಪೆಂದು ಭಾವಿಸುವುದಿಲ್ಲ, ನಾವೂ ಭಾವಿಸುವುದಿಲ್ಲ. ಹಳ್ಳಿಯಿಂದ ಬಂದ ಹೆಣ್ಣುಮಗಳೊಬ್ಬಳು ಸೀರೆಯನ್ನು ತೊಡೆಯ ಮೇಲೆ ಹರವಿಕೊಂಡು, ಅಂಚಿನ ದಡಿಯನ್ನು ಹೆಬ್ಬೆರಳಿನಿಂದ ಉಜ್ಜಿ, ಸೆರಗು ಒಡಲಿಗೆ ಕೂಡುವ ಕಡೆ ಕೊಂಡಿ ಗಟ್ಟಿಯಾಗಿದೆಯೇ ಎಂದು ಹಿಂಬದಿ ತಿರುವಿ ನೋಡಿ, ಬೆಲೆ ಕೇಳಿದ ಮೇಲೆ ಮೆಲ್ಲಗೆ ಕೈ ಹಿಂದಕ್ಕೆ ತೆಗೆದುಕೊಳ್ಳುವುದನ್ನು ನೀನು ಚಿಕ್ಕಂದಿನಿಂದ ನೋಡಿದ್ದೀಯೆ. ಆ ಕೈ ಹಿಂದೆ ಸರಿಯಿತೆಂದರೆ ನಮ್ಮ ಹುಡುಗರು ಸೀರೆಯನ್ನು ಮಡಿಸಿ ಬದಿಗಿಡಬೇಕು, ಮಡಿಸುವಾಗ ಅವರ ಮುಖ ಸಪ್ಪಗಾಗಬಾರದು. ಕೆಲಸಕ್ಕೆ ಸೇರಿದ ಹುಡುಗನಿಗೆ ನಾನು ಮೊದಲು ಕಲಿಸುತ್ತಿದ್ದುದೇ ಇದನ್ನು; ಬಣ್ಣದ ಹೆಸರು, ನೂಲಿನ ಎಳೆ ಇವೆಲ್ಲ ಆಮೇಲೆ. ನಿನ್ನ ಮನೆಗೆ ಬಂದ ನೆರೆಯಾಕೆಗೆ ಹೀಗೆ ಎದ್ದುಹೋಗುವ ಅವಕಾಶ ಇರುವುದಿಲ್ಲ. ಅವಳು ನಿನ್ನ ಕೈಯ ಚಹಾ ಕುಡಿದಿದ್ದಾಳೆ, ನಿನ್ನ ಮಗ ಅವಳ ಮಗನೊಂದಿಗೆ ಶಾಲೆಯ ವ್ಯಾನಿನಲ್ಲಿ ಹೋಗುತ್ತಾನೆ, ನಾಳೆ ಬೆಳಿಗ್ಗೆ ಮತ್ತೆ ಲಿಫ್ಟಿನಲ್ಲಿ ಮುಖ ನೋಡಬೇಕು. ಬೇಡ ಎನ್ನಲು ಅವಳಿಗೆ ನಾಲಿಗೆ ಏಳುವುದಿಲ್ಲ. ಆದ್ದರಿಂದ ಬೇಡ ಎನ್ನುವ ದಾರಿಯನ್ನು ನೀನೇ ಮೊದಲು ತೆರೆದು ತೋರಿಸಿ, ಆಮೇಲೆ ಸೀರೆಯ ಮಾತು ಎತ್ತಬೇಕು.

ಹೇಳುವಾಗ ನೇರವಾಗಿ, ಚಿಕ್ಕದಾಗಿ ಹೇಳು. “ನಾನು ಊರಿನಿಂದ ಇಳಕಲ್ ಸೀರೆ ತರಿಸಿ ಮನೆಯಲ್ಲಿಯೇ ಮಾರುತ್ತಿದ್ದೇನೆ. ನಿಮಗೆ ಎಂದಾದರೂ ಬೇಕೆನಿಸಿದರೆ ಹೇಳಿ, ಬೇಡವಾದರೆ ಖಂಡಿತ ಸಂಕೋಚ ಬೇಡ” ಎಂದರೆ ಸಾಕು. ಇಷ್ಟು ಹೇಳಿ ಬೇರೆ ಮಾತಿಗೆ ಹೋಗು. ಅವರಿಗೆ ಆಸಕ್ತಿಯಿದ್ದರೆ ಅವರೇ ಮರಳಿ ಆ ವಿಷಯಕ್ಕೆ ಬರುತ್ತಾರೆ. ಯಾವ ಬಣ್ಣ ಇದೆ, ಬೆಲೆ ಎಷ್ಟು ಎಂದು ಕೇಳುತ್ತಾರೆ. ಕೇಳದಿದ್ದರೆ ಆಸಕ್ತಿಯಿಲ್ಲ ಎಂದೇ ತಿಳಿ. ನಮ್ಮ ಜನ ಬೇಡ ಎಂಬ ಮಾತನ್ನು ಬಾಯಿ ಬಿಟ್ಟು ಹೇಳುವುದು ಅಪರೂಪ. “ನೋಡೋಣ”, “ಮನೆಯವರನ್ನು ಕೇಳಿ ಹೇಳುತ್ತೇನೆ”, “ದೀಪಾವಳಿ ಹೊತ್ತಿಗೆ ನೆನಪು ಮಾಡಿ” ಎನ್ನುತ್ತಾರೆ. ಇವನ್ನೆಲ್ಲ ಬೇಡ ಎಂದೇ ಗ್ರಹಿಸಿ ಸುಮ್ಮನಾಗುವುದು ಒಳ್ಳೆಯದು. ದೀಪಾವಳಿಗೆ ನಿಜವಾಗಿಯೂ ಬೇಕಾದವಳು ದೀಪಾವಳಿಗೆ ತಾನೇ ಬಾಗಿಲು ಬಡಿಯುತ್ತಾಳೆ. ನೀನಾಗಿ ನೆನಪು ಮಾಡಿದರೆ, ಮರ್ಯಾದೆಗಾಗಿ ಹೇಳಿದ ಮಾತಿನಲ್ಲಿ ಅವಳನ್ನು ಸಿಕ್ಕಿಸಿದಂತಾಗುತ್ತದೆ.

ಇನ್ನು ಶ್ರಾವಣ ಬರುತ್ತಿದೆ. ವರಮಹಾಲಕ್ಷ್ಮಿ ಹಬ್ಬಕ್ಕೆ ಅರಿಶಿನ ಕುಂಕುಮಕ್ಕೆಂದು ಎಲ್ಲರನ್ನೂ ಕರೆಯುತ್ತೀಯೆ, ಆ ದಿನವೇ ಒಳಕೋಣೆಯಲ್ಲಿ ಸೀರೆ ಹರವಿಟ್ಟರೆ ಹೇಗೆ ಎಂದು ನಿನ್ನ ಗೆಳತಿ ಸಲಹೆ ಕೊಟ್ಟಳೆಂದು ಹೇಳಿದೆ. ಇದನ್ನು ದಯವಿಟ್ಟು ಮಾಡಬೇಡ. ಮುತ್ತೈದೆಯಾಗಿ ನಿನ್ನ ಮನೆಗೆ ಬಂದವಳು ನಿನ್ನ ಕೈಯಿಂದ ಎಲೆಯಡಿಕೆ, ತೆಂಗಿನಕಾಯಿ, ಖಣ ತೆಗೆದುಕೊಂಡು ಹರಸಿ ಹೋಗಲು ಬಂದಿರುತ್ತಾಳೆ. ಅವಳ ಕೈಗೆ ಬೆಲೆಚೀಟಿಯ ಸೀರೆ ಕೊಟ್ಟರೆ, ನೀನು ಕರೆದದ್ದು ಹಬ್ಬಕ್ಕೋ ವ್ಯಾಪಾರಕ್ಕೋ ಎಂಬ ಅನುಮಾನ ಅವಳಲ್ಲಿ ಉಳಿಯುತ್ತದೆ, ಮುಂದಿನ ವರ್ಷ ಕರೆದಾಗಲೂ ಆ ಅನುಮಾನ ಹೋಗುವುದಿಲ್ಲ. ಅಷ್ಟೇ ಅಲ್ಲ, ಹತ್ತು ಜನ ಹೆಂಗಸರು ಕುಳಿತ ಕಡೆ ಇಬ್ಬರು ಕೊಂಡರೆ ಉಳಿದವರಿಗೆ ಕೊಳ್ಳದೆ ಏಳುವುದು ಅವಮಾನವೆನಿಸುತ್ತದೆ. ಒಬ್ಬರನ್ನು ನೋಡಿ ಒಬ್ಬರು ಕೊಂಡದ್ದು ನಿನ್ನ ಲೆಕ್ಕದ ಪುಸ್ತಕದಲ್ಲಿ ಒಳ್ಳೆಯ ವ್ಯಾಪಾರವಾಗಿ ಕಾಣಬಹುದು, ಆದರೆ ಅದರಲ್ಲಿ ಎಷ್ಟು ಜನ ಮನಸಾರೆ ಕೊಂಡರು ಎಂಬುದು ನಿನಗೆ ಎಂದೂ ತಿಳಿಯುವುದಿಲ್ಲ. ಬೇರೊಂದು ದಿನ ಇಟ್ಟುಕೋ. “ಈ ಶನಿವಾರ ಸಂಜೆ ಸೀರೆಗಳನ್ನು ಹರವಿ ಇಟ್ಟಿರುತ್ತೇನೆ, ನೋಡುವ ಮನಸ್ಸಿದ್ದವರು ಬನ್ನಿ” ಎಂದು ಯಾತಕ್ಕೆ ಕರೆಯುತ್ತಿದ್ದೀ ಎಂಬುದನ್ನು ಮುಚ್ಚಿಡದೆ ಹೇಳು. ಮೂವರೇ ಬಂದರೂ ಅವರು ತಿಳಿದು ಬಂದವರಾಗಿರುತ್ತಾರೆ.

ಯಾರಿಗೆ ಹೇಳಲೇಬಾರದು ಎಂಬುದನ್ನೂ ಬರೆಯುತ್ತೇನೆ. ಕಚೇರಿಯಲ್ಲಿ ನಿನ್ನ ಕೈಕೆಳಗೆ ಕೆಲಸ ಮಾಡುವ ಹುಡುಗಿಯರಿಗೆ ನೀನಾಗಿ ಸೀರೆಯ ಮಾತು ಎತ್ತಬೇಡ. ಅವರ ರಜೆ, ಅವರ ಬಡ್ತಿ ನಿನ್ನ ಸಹಿಯಲ್ಲಿದೆ, ಅವರು ಎಷ್ಟು ನಗುನಗುತ್ತ ಕೊಂಡರೂ ಅದು ಸ್ವಂತ ಇಚ್ಛೆಯೆಂದು ನಂಬಲಾಗುವುದಿಲ್ಲ. ನಿಮ್ಮ ಮನೆಗೆಲಸದಾಕೆಗೆ ಸಂಬಳದಲ್ಲಿ ಹಿಡಿದುಕೊಳ್ಳುತ್ತೇನೆಂದು ಸೀರೆ ಕೊಡುವುದಂತೂ ಬೇಡವೇ ಬೇಡ. ಕೊಡಬೇಕೆನಿಸಿದರೆ ಹಬ್ಬಕ್ಕೆ ಉಡುಗೊರೆಯಾಗಿ ಕೊಡು. ಹಾಗೆಯೇ ನೌಕರಿಯಲ್ಲಿದ್ದುಕೊಂಡು ಬೇರೆ ವ್ಯಾಪಾರ ಮಾಡಲು ನಿಮ್ಮ ಕಂಪನಿ ಒಪ್ಪುತ್ತದೆಯೇ ಎಂದು ನೇಮಕಾತಿ ಪತ್ರವನ್ನು ಒಮ್ಮೆ ಓದಿ ನೋಡು.

ಕರುಣೆಯಿಂದಲೂ ಒತ್ತಡ ಹುಟ್ಟುತ್ತದೆ ಎಂಬುದು ನಿನಗೆ ಗೊತ್ತಿರಲಿ. “ನಿಮ್ಮ ಕೈಯಿಂದಲೇ ಬೋಣಿಯಾಗಲಿ”, “ಇದೊಂದೇ ಉಳಿದಿದೆ”, “ನೀವೂ ಕೈ ಬಿಟ್ಟರೆ ನೇಕಾರರ ಗತಿ ಏನು” ಎನ್ನುವ ಮಾತುಗಳು ಕೇಳಲು ಮೃದುವಾಗಿದ್ದರೂ ಎದುರಿನವರ ಕೊರಳು ಹಿಡಿಯುತ್ತವೆ. ನೇಕಾರರ ಬದುಕು ಕಷ್ಟದ್ದೆಂಬುದು ನಿಜ. ಇಳಕಲ್ಲಿನ ಓಣಿಗಳಲ್ಲಿ ಗುಂಡಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕುಳಿತವರನ್ನು ನೋಡಿದ ನನಗೆ ಅದರ ಬಗ್ಗೆ ಎರಡು ಮಾತಿಲ್ಲ. ಆದರೆ ಅವರ ಕಷ್ಟವನ್ನು ಮುಂದಿಟ್ಟು ಮಾರಿದ ಸೀರೆ ಒಂದು ಸಲ ಮಾತ್ರ ಮಾರಾಟವಾಗುತ್ತದೆ. ಅದರ ಬದಲು ಅವರ ಕೆಲಸವನ್ನು ತೋರಿಸು. ಒಡಲಿನ ಉದ್ದನೆಯ ಹಾಸಿನ ಎಳೆಗಳನ್ನೂ ಸೆರಗಿನ ಹಾಸಿನ ಎಳೆಗಳನ್ನೂ ಕೊಂಡಿ ಹಾಕಿ ಒಂದಕ್ಕೊಂದು ಸಿಕ್ಕಿಸಿ ಕೂಡಿಸುವ ವಿದ್ಯೆ ಇಳಕಲ್ಲಿನ ವಿಶೇಷವೆಂದು ಹೇಳಿ, ಆ ಕೂಡುವ ಗೆರೆಯನ್ನು ಬೆರಳಿಟ್ಟು ತೋರಿಸು. ಟೋಪಿತೆನೆ ಸೆರಗಿನಲ್ಲಿ ಕೆಂಪಿನ ಮೂರು ಪಟ್ಟಿಗಳ ನಡುವೆ ಬಿಳಿಯ ಎರಡು ಪಟ್ಟಿಗಳು ಬರುವುದನ್ನೂ, ಗೋಮಿ ದಡಿಗೂ ಚಿಕ್ಕಿಪರಾಸ ದಡಿಗೂ ಇರುವ ಭೇದವನ್ನೂ ವಿವರಿಸು. ಕೇಳುವವಳಿಗೆ ಕುತೂಹಲವಿದ್ದರೆ ಈ ಮಾತೇ ಅವಳಿಗೆ ಸಂತೋಷ ಕೊಡುತ್ತದೆ, ಕೊಳ್ಳದೆ ಹೋದರೂ ಹೊಸದೊಂದನ್ನು ತಿಳಿದುಕೊಂಡು ಹೋಗುತ್ತಾಳೆ.

ಇದ್ದದ್ದನ್ನು ಇದ್ದಂತೆ ಹೇಳುವುದು ಪರಿಚಯದವರ ವಿಷಯದಲ್ಲಿ ಇನ್ನೂ ಹೆಚ್ಚು ಮುಖ್ಯ, ಏಕೆಂದರೆ ಅವರು ನಿನ್ನ ಮಾತನ್ನು ಪರೀಕ್ಷಿಸುವುದಿಲ್ಲ. ವಿದ್ಯುತ್ ಮಗ್ಗದ ಸೀರೆಯನ್ನು ಕೈಮಗ್ಗದ್ದೆಂದು, ಕೃತಕ ರೇಷ್ಮೆಯ ದಡಿಯನ್ನು ಶುದ್ಧ ರೇಷ್ಮೆಯದೆಂದು ಎಂದಿಗೂ ಹೇಳಬೇಡ. ವಿದ್ಯುತ್ ಮಗ್ಗದ್ದೂ ಒಳ್ಳೆಯ ಸೀರೆಯೇ, ದಿನನಿತ್ಯಕ್ಕೆ ಉಡಲು ಅಗ್ಗವಾಗಿ ಸಿಗುತ್ತದೆ. ಅದನ್ನು ಅದರ ಹೆಸರಿನಲ್ಲಿಯೇ ಮಾರು. ಕೈಮಗ್ಗದ ಬಟ್ಟೆಯನ್ನು ಗುರುತಿಸಲು 2006ರಿಂದ ಹ್ಯಾಂಡ್‌ಲೂಮ್ ಮಾರ್ಕ್ ಎಂಬ ಮುದ್ರೆ ಇದೆ, ಅದು ಇರುವ ಸೀರೆಯಲ್ಲಿ ಚೀಟಿ ಕೀಳದೆ ತೋರಿಸು. ಬೆಲೆಯನ್ನು ಸೀರೆಯ ಮಡಿಕೆಯಲ್ಲಿ ಚೀಟಿ ಬರೆದು ಇಡು. ಅಂಗಡಿಯಲ್ಲಿ ಗಿರಾಕಿ ಗಟ್ಟಿಯಾಗಿ ಬೆಲೆ ಕೇಳುತ್ತಾಳೆ, ಗೆಳತಿಯ ಮನೆಯಲ್ಲಿ ಕೇಳಲು ನಾಚುತ್ತಾಳೆ. ಬೆಲೆ ತಿಳಿಯದೆ ಆರಿಸಿಕೊಂಡ ಮೇಲೆ ಹಿಂದಕ್ಕೆ ಇಡುವುದು ಅವಳಿಗೆ ಇನ್ನೂ ಕಷ್ಟ. ಎಲ್ಲರಿಗೂ ಒಂದೇ ದರ ಇರಲಿ, ನಿನ್ನ ನಾದಿನಿಗೂ ಅದೇ ದರ.

ಉದ್ರಿಯ ಬಗ್ಗೆ ನನ್ನ ಅಭಿಪ್ರಾಯ ಕಠಿಣವಾದದ್ದು. ಅಂಗಡಿಯಲ್ಲಿ ಉದ್ರಿ ಕೊಡದೆ ನಡೆಯುವುದಿಲ್ಲ. ಸುಗ್ಗಿಯಾದ ಮೇಲೆ ರೊಕ್ಕ ಕೊಡುವ ರೈತರ ಮನೆಗಳು ನಮ್ಮ ಖಾತೆಯಲ್ಲಿ ತಲೆಮಾರುಗಳಿಂದ ಇವೆ. ಆದರೆ ಒಂದೇ ಕಟ್ಟಡದಲ್ಲಿ ಇರುವವರಿಗೆ ನೀನು ಉದ್ರಿ ಕೊಟ್ಟರೆ, ಬಾಕಿ ಉಳಿಸಿಕೊಂಡವಳು ನಿನ್ನನ್ನು ಕಂಡ ಕೂಡಲೇ ಲಿಫ್ಟ್ ಬಿಟ್ಟು ಮೆಟ್ಟಿಲು ಹಿಡಿಯುತ್ತಾಳೆ. ಸೀರೆಯ ದುಡ್ಡಿನ ಜೊತೆಗೆ ಸ್ನೇಹವೂ ಹೋಗುತ್ತದೆ. ಅದಕ್ಕಿಂತ “ನಿಮಗಾಗಿ ತೆಗೆದಿಟ್ಟಿರುತ್ತೇನೆ, ಅನುಕೂಲವಾದಾಗ ಒಯ್ಯಿರಿ, ಮನಸ್ಸು ಬದಲಾದರೆ ಹೇಳಿ” ಎನ್ನುವುದು ಒಳ್ಳೆಯದು. ಒಯ್ದ ಮೇಲೆ ಮನೆಯಲ್ಲಿ ಯಾರಿಗೋ ಹಿಡಿಸಲಿಲ್ಲವೆಂದು ಬಂದರೆ, ಉಡದ ಸೀರೆಯನ್ನು ಕಾರಣ ಕೇಳದೆ ಮರಳಿ ತೆಗೆದುಕೊಂಡು ಪೂರ್ತಿ ಹಣ ಕೊಡು. ಇದನ್ನು ಮಾರುವಾಗಲೇ ಹೇಳಿಬಿಟ್ಟರೆ ಕೊಳ್ಳುವವಳ ಎದೆಯೂ ಹಗುರಾಗುತ್ತದೆ.

ವಾಟ್ಸ್‌ಆ್ಯಪ್‌ನಲ್ಲಿ ನೀನೇ ಗುಂಪು ಮಾಡಿ ಎಲ್ಲರನ್ನೂ ಕೇಳದೆ ಸೇರಿಸಬೇಡ. ಗುಂಪಿಗೆ ಸೇರಿಸಿದವರು ಹೊರಗೆ ಹೋದರೆ ಅದು ಗುಂಪು ಮಾಡಿದ ನಿನಗೆ ಗೊತ್ತಾಗುತ್ತದೆಂದು ಅಂಜಿ ಒಳಗೇ ಉಳಿಯುತ್ತಾರೆ. ಸ್ಟೇಟಸ್ಸಿನಲ್ಲಿ ಫೋಟೋ, ಬೆಲೆ ಹಾಕು, ನೋಡುವವರು ನೋಡುತ್ತಾರೆ. ಯಾರು ನೋಡಿದರೆಂದು ನಿನಗೆ ಕಾಣುತ್ತದೆ ಎಂಬ ಕಾರಣಕ್ಕೆ “ನಿನ್ನೆ ನೋಡಿದಿರಲ್ಲ, ಹೇಗನ್ನಿಸಿತು” ಎಂದು ಕೇಳಬೇಡ. ಅಪಾರ್ಟ್‌ಮೆಂಟಿನ ನೀರು, ನಿರ್ವಹಣೆಯ ಮಾತಿಗಾಗಿ ಇರುವ ಗುಂಪಿನಲ್ಲಿ ವ್ಯಾಪಾರದ ಸಂದೇಶ ಬೇಡ.

ಕೊನೆಯದಾಗಿ, ಯಾವುದೋ ಕಂಪನಿಯ ಸಾಮಾನು ಮಾರುವ ನಿನ್ನ ಪರಿಚಯದಾಕೆ, ಸೀರೆಗಿಂತ ತನ್ನ ಜೊತೆ ಸೇರಿ ಕೆಳಗೆ ಹತ್ತು ಜನರನ್ನು ಸೇರಿಸಿದರೆ ಹೆಚ್ಚು ಆದಾಯ ಎಂದಳಂತೆ. ಸಾಮಾನು ಮಾರುವುದು ಬೇರೆ, ಮನುಷ್ಯರನ್ನು ಸೇರಿಸಿ ದುಡ್ಡು ಮಾಡುವುದು ಬೇರೆ. ಜನರನ್ನು ಸೇರಿಸಿದ್ದಕ್ಕೇ ಹಣ ಸಿಗುವಂಥ ಯೋಜನೆಗಳನ್ನು ತಡೆಯಲು 1978ರಲ್ಲಿಯೇ ಕೇಂದ್ರದ ಕಾನೂನು ಬಂದಿದೆ. ಗ್ರಾಹಕರ ರಕ್ಷಣೆಗಾಗಿ 2021ರ ಡಿಸೆಂಬರಿನಲ್ಲಿ ಬಂದ ನೇರ ಮಾರಾಟದ ನಿಯಮಗಳು ಇಂಥ ಪಿರಮಿಡ್ ಯೋಜನೆಗಳನ್ನು ನಿಷೇಧಿಸಿವೆ. ಗುರುತಿನ ಚೀಟಿಯಿಲ್ಲದೆ, ಮೊದಲೇ ಸಮಯ ಕೇಳಿಕೊಳ್ಳದೆ ಅಥವಾ ಒಪ್ಪಿಗೆ ಪಡೆಯದೆ ಮಾರಾಟಗಾರರು ಗ್ರಾಹಕರ ಮನೆಗೆ ಹೋಗಬಾರದೆಂದೂ ಅವು ಹೇಳುತ್ತವೆ. ಊರಿನಿಂದ ಸೀರೆ ತರಿಸಿ ನಿನ್ನ ಹೆಸರಿನಲ್ಲಿಯೇ ಮಾರುವ ನಿನಗೆ ಆ ನಿಯಮಗಳು ಅನ್ವಯಿಸುವುದಿಲ್ಲ, ಆದರೂ ಕೇಳಿಕೊಂಡು ಹೋಗಬೇಕೆಂಬ ಮಾತನ್ನು ನೀನೂ ಪಾಲಿಸು. ಆಕೆಗೆ ಮಾತ್ರ “ನನಗೆ ಇದು ಒಗ್ಗುವುದಿಲ್ಲ” ಎಂದು ಈಗಲೇ ಸ್ಪಷ್ಟವಾಗಿ ಹೇಳು. ನಿನ್ನ ಮಾತನ್ನು ಆಕೆ ಎಷ್ಟು ಸಲೀಸಾಗಿ ಒಪ್ಪಿಕೊಳ್ಳುತ್ತಾಳೆಂದು ಗಮನಿಸು. ನಿನ್ನ ಗಿರಾಕಿಯ ಜಾಗದಲ್ಲಿ ನಿಂತು ನೋಡಿದಂತಾಗುತ್ತದೆ.

ಈ ವಾರ ಬಸ್ಸಿನ ಪಾರ್ಸೆಲ್ಲಿನಲ್ಲಿ ಒಂದು ಗಂಟು ಕಳಿಸುತ್ತೇನೆ. ಕೈಮಗ್ಗದವನ್ನೂ ವಿದ್ಯುತ್ ಮಗ್ಗದವನ್ನೂ ಬೇರೆ ಬೇರೆ ಕಟ್ಟಿ ಚೀಟಿ ಅಂಟಿಸಿರುತ್ತೇನೆ, ಖಣದ ತುಂಡುಗಳು ಮೇಲಿರುತ್ತವೆ. ದಾಳಿಂಬೆ ಬಣ್ಣದ ಎರಡು ಸೀರೆಗಳು ಮೊದಲ ಒಗೆತದಲ್ಲಿ ಬಣ್ಣ ಬಿಡಬಹುದೆಂಬ ಅನುಮಾನ ನನಗಿದೆ. ಯಾರಿಗೂ ತೋರಿಸುವ ಮೊದಲು ಒಂದರ ಮೂಲೆಯನ್ನು ನೀರಿನಲ್ಲಿ ಅದ್ದಿ, ಬಿಳಿಯ ಬಟ್ಟೆಯ ಮೇಲೆ ಒತ್ತಿ ನೋಡು. ಬಣ್ಣ ಹತ್ತಿದರೆ ಎರಡನ್ನೂ ಮಾರದೆ ತಿರುಗಿ ಕಳಿಸು, ಇಲ್ಲಿ ನಾನು ನೇಕಾರರ ಹತ್ತಿರ ಮಾತಾಡಿಕೊಳ್ಳುತ್ತೇನೆ.

ಇಂತಿ ಆಶೀರ್ವಾದಗಳೊಂದಿಗೆ,
ನಿನ್ನ ಅಪ್ಪ