ಶನಿವಾರ ಡ್ರೇಕ್ಸ್ ಬೀಚ್: ಬರುವವರು ಓದಿ

ಎಲ್ಲರಿಗೂ ನಮಸ್ಕಾರ. ಶನಿವಾರ ಮಧ್ಯಾಹ್ನ 2ಕ್ಕೆ ಕ್ಯಾಲಿಫೋರ್ನಿಯಾದ ಡ್ರೇಕ್ಸ್ ಬೀಚ್ ಪಾರ್ಕಿಂಗ್‌ನಲ್ಲಿ ಸೇರೋಣ, ನೀರು ಇಳಿದಿರುತ್ತದೆ. ನಿನ್ನೆ ಈ ಗುಂಪಿನಲ್ಲಿ ಬಂದ ಗುಲಾಬಿ 'ಮೀನಿನ' ಫೋಟೋಗೆ ಎಲ್ಲರೂ ನಕ್ಕಿದ್ದೇ ನಕ್ಕಿದ್ದು. ಅದು ಮೀನಲ್ಲ, ಫ್ಯಾಟ್ ಇನ್‌ಕೀಪರ್ ಅನ್ನೋ ಹುಳ. 2019ರ ಡಿಸೆಂಬರ್‌ನಲ್ಲಿ ಬಿರುಗಾಳಿ ಮಳೆಗೆ ಮರಳು ಕೊಚ್ಚಿಹೋಗಿ ಇದೇ ಬೀಚಿನಲ್ಲಿ ಸಾವಿರಾರು ಹುಳ ಹೊರಬಿದ್ದಾಗಲೂ ಎಷ್ಟೋ ಕಡೆ ಮೀನು ಅಂತಲೇ ಸುದ್ದಿಯಾಗಿತ್ತು. ಮರಳಲ್ಲಿ ಯು ಆಕಾರದ ಬಿಲ ತೋಡಿ, ಲೋಳೆಯ ಬಲೆ ಕಟ್ಟಿ, ಅದರಲ್ಲಿ ಸಿಕ್ಕ ಆಹಾರವನ್ನು ಬಲೆ ಸಮೇತ ನುಂಗುತ್ತದೆ, ಎಷ್ಟು ಚೆಂದ ಅಲ್ವಾ! ಪುಟ್ಟ ಏಡಿ, ಮೀನುಗಳೂ ಅದೇ ಬಿಲದಲ್ಲಿ ಬಿಡಾರ ಹೂಡುತ್ತವೆ, ಇನ್‌ಕೀಪರ್ (ಅಂದ್ರೆ ಛತ್ರ ನಡೆಸುವವ) ಅನ್ನೋ ಹೆಸರು ಬಂದಿದ್ದೂ ಅದಕ್ಕೇ.

ದಯವಿಟ್ಟು ಯಾರೂ ಅಗೆಯಬೇಡಿ, ಮಕ್ಕಳಿಗೂ ಹೇಳಿ. ಜಾಕೆಟ್ ತನ್ನಿ, ಗಾಳಿ ಜಾಸ್ತಿ. ಎಷ್ಟು ಜನ ಬರ್ತೀರಿ, ಕಾರಲ್ಲಿ ಜಾಗ ಇದೆಯಾ, ಗುರುವಾರದೊಳಗೆ ಇಲ್ಲೇ ತಿಳಿಸಿ.